ರಿಸ್ಟೋರ್ ಮಾಡಿದ ಹಳೆಯ ಜೀಪನ್ನು ಹರಾಜಿನಲ್ಲಿ ಮಾರುವ ಬಗೆ: ಸಮಗ್ರ ಮಾರ್ಗದರ್ಶಿ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತೋಟದ ಮನೆಗಳಲ್ಲಿ, ಚಿತ್ರದುರ್ಗದ ಹಳೆಯ ಗಣಿ ಗುತ್ತಿಗೆದಾರರ ಶೆಡ್ಡುಗಳಲ್ಲಿ, ದಾವಣಗೆರೆಯ ಪಿ.ಬಿ. ರಸ್ತೆಯ ಗ್ಯಾರೇಜುಗಳ ಹಿತ್ತಲಲ್ಲಿ ಹಳೆಯ ಜೀಪುಗಳು ಇಂದಿಗೂ ಕಾಣಸಿಗುತ್ತವೆ. ಅವುಗಳಲ್ಲಿ ಕೆಲವನ್ನು ಆಸಕ್ತರು ವರ್ಷಗಟ್ಟಲೆ ಹಣ ಸುರಿದು ರಿಸ್ಟೋರ್ ಮಾಡಿಸಿದ್ದಾರೆ. ಮಾರುವ ಸಮಯ ಬಂದಾಗ ಊರಿನ ದಲ್ಲಾಳಿಯನ್ನು ನಂಬಿದರೆ ಕೊಳ್ಳುವವರು ಇಬ್ಬರೋ ಮೂವರೋ ಸಿಗುತ್ತಾರೆ, ಮತ್ತು ಅವರು ಹೇಳಿದ್ದೇ ಬೆಲೆಯಾಗುತ್ತದೆ. ಆನ್‌ಲೈನ್ ಹರಾಜಿಗೆ ಹಾಕಿದರೆ ಪುಣೆ, ಕೊಯಮತ್ತೂರು, ಹೈದರಾಬಾದಿನ ಸಂಗ್ರಾಹಕರೂ ಬೆಲೆ ಕೂಗಬಹುದು. ಆದರೆ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳ ಕೊಳ್ಳುವ ವರ್ತಕನಂತೆ ಅವರು ಚೀಲದೊಳಗೆ ಕೈ ಹಾಕಿ ತೇವ ನೋಡಿ ಬೆಲೆ ಕಟ್ಟುವವರಲ್ಲ. ಬಹುಪಾಲು ಜನ ವಾಹನವನ್ನು ಕಣ್ಣಾರೆ ನೋಡದೆಯೇ ಸವಾಲು ಕೂಗುತ್ತಾರೆ. ಹೀಗೆ ನೋಡದೆ ಕೊಳ್ಳುವವನು ತನಗೆ ಬಂದ ಪ್ರತಿಯೊಂದು ಅನುಮಾನಕ್ಕೂ ಒಂದಿಷ್ಟು ಹಣವನ್ನು ಬೆಲೆಯಿಂದ ಕಳೆಯುತ್ತಾನೆ. ಆದ್ದರಿಂದ ಮಾರುವವನ ಕೆಲಸವೆಲ್ಲ ಆ ಅನುಮಾನಗಳನ್ನು ಒಂದೊಂದಾಗಿ ಮೊದಲೇ ಕರಗಿಸುವುದರಲ್ಲಿದೆ. ಹೊಸ ಪೇಂಟಿನ ಹೊಳಪು ಆ ಕೆಲಸವನ್ನು ಮಾಡಲಾರದು.

ಮೊದಲ ಹೆಜ್ಜೆ: ನಿಮ್ಮ ಬಳಿ ಇರುವುದು ಯಾವ ವಾಹನ?

ನಮ್ಮಲ್ಲಿ ಹಳೆಯ ಜೀಪುಗಳನ್ನೆಲ್ಲ 'ವಿಲ್ಲೀಸ್' ಎಂದು ಕರೆಯುವ ರೂಢಿಯಿದೆ. ಹರಾಜಿನ ವಿವರಣೆಯಲ್ಲಿ ಈ ರೂಢಿ ಅಪಾಯಕಾರಿ, ಏಕೆಂದರೆ ವಿವರಣೆಗೆ ಹೊಂದದ ಸರಕನ್ನು ತಿರಸ್ಕರಿಸುವ ಹಕ್ಕನ್ನು ಕಾನೂನು ಖರೀದಿದಾರನಿಗೆ ನೀಡಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, ಅಂದರೆ 1941ರಿಂದ 1945ರ ನಡುವೆ, ವಿಲ್ಲೀಸ್ ಕಂಪನಿ ಎಂಬಿ ಎಂಬ ಹೆಸರಿನಲ್ಲಿಯೂ ಫೋರ್ಡ್ ಕಂಪನಿ ಜಿಪಿಡಬ್ಲ್ಯೂ ಎಂಬ ಹೆಸರಿನಲ್ಲಿಯೂ ಹೆಚ್ಚುಕಡಿಮೆ ಒಂದೇ ಜೀಪನ್ನು ತಯಾರಿಸಿದವು. ಇವೆರಡನ್ನು ಗುರುತಿಸಲು ರೇಡಿಯೇಟರಿನ ಕೆಳಗೆ ಬಗ್ಗಿ ನೋಡಬೇಕು: ಚಾಸಿಯ (ವಾಹನದ ಅಡಿಚೌಕಟ್ಟಿನ) ಮುಂದಿನ ಅಡ್ಡಪಟ್ಟಿ ದುಂಡನೆಯ ಪೈಪಾಗಿದ್ದರೆ ಅದು ವಿಲ್ಲೀಸ್, ಬೋರಲು ಹಾಕಿದ ದೋಣಿಯಾಕಾರದ ತಗಡಾಗಿದ್ದರೆ ಫೋರ್ಡ್. ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೂ ಇಂಗ್ಲಿಷಿನ 'ಎಫ್' ಅಕ್ಷರವನ್ನು ಒತ್ತುತ್ತಿತ್ತು. ಅಂತಹ ಬೋಲ್ಟುಗಳು ಉಳಿದಿದ್ದರೆ ಅವುಗಳನ್ನು ಹತ್ತಿರದಿಂದ ಚಿತ್ರ ತೆಗೆಯಿರಿ. ಸಂಗ್ರಾಹಕರು ಮೊದಲು ಹುಡುಕುವುದೇ ಅದನ್ನು.

ಮಹೀಂದ್ರ ಕಂಪನಿಯವರು 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಆರಂಭಿಸಿದರು. ನಮ್ಮ ಭಾಗದಲ್ಲಿ ಹೆಚ್ಚಾಗಿ ಸಿಗುವುದು ಅವರ ಸಿಜೆ3ಬಿ, ಅಂದರೆ ಎತ್ತರದ ಬಾನೆಟ್ಟಿನ ಜೀಪು. ಅದರ ಹರಿಕೇನ್ ಪೆಟ್ರೋಲ್ ಎಂಜಿನ್ ಯುದ್ಧಕಾಲದ ಎಂಜಿನ್ನಿಗಿಂತ ಎತ್ತರವಾಗಿದ್ದುದೇ ಬಾನೆಟ್ ಮೇಲೇರಲು ಕಾರಣ. ಅಮೆರಿಕದಲ್ಲಿ ಈ ಮಾದರಿ 1968ಕ್ಕೆ ನಿಂತುಹೋಯಿತು. ಆದರೆ ಇಲ್ಲಿ ಬಹುಕಾಲ ಮುಂದುವರಿಯಿತು. ಹೀಗಾಗಿ ಸಿಜೆ3ಬಿ ಎಂದ ಮಾತ್ರಕ್ಕೆ ವಾಹನ ಐವತ್ತು ವರ್ಷ ದಾಟಿದೆ ಎಂದು ಭಾವಿಸುವಂತಿಲ್ಲ. ಸೇನೆಯಿಂದ ಬಂದ ಜೋಂಗಾ ಇದ್ದರೆ ಅದರ ಕಥೆಯೇ ಬೇರೆ: ಅದು ನಿಸಾನ್ ಪೆಟ್ರೋಲ್ ವಾಹನದ ಆಧಾರದ ಮೇಲೆ ಜಬಲ್ಪುರದಲ್ಲಿ 1969ರಿಂದ 1999ರವರೆಗೆ ತಯಾರಾದದ್ದು, ಆರು ಸಿಲಿಂಡರಿನ ಸುಮಾರು ನಾಲ್ಕು ಲೀಟರ್ ಎಂಜಿನ್ನಿನದು. (ಇಲ್ಲಿ ಪೆಟ್ರೋಲ್ ಎಂಬುದು ಇಂಧನವಲ್ಲ, ಗಸ್ತು ತಿರುಗುವ ವಾಹನವೆಂಬ ಅರ್ಥದ ಮಾದರಿಯ ಹೆಸರು.)

ಚಾಸಿ ನಂಬರ್ ಮತ್ತು ಎಂಜಿನ್ ನಂಬರುಗಳನ್ನು ಸ್ವತಃ ಓದಿ, ಅವುಗಳ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ಲಿನಿಂದ ತಿಕ್ಕಿ ಅಚ್ಚು ತೆಗೆದುಕೊಳ್ಳಿ. ಪೇಂಟಿನ ಪದರಗಳಡಿ ನಂಬರ್ ಹೂತುಹೋಗಿದ್ದರೆ ಥಿನ್ನರ್ ಹಚ್ಚಿ ಬಟ್ಟೆಯಿಂದ ಒರೆಸಬೇಕೇ ಹೊರತು ಗ್ರೈಂಡರ್ ಮುಟ್ಟಿಸಬಾರದು. ಗ್ರೈಂಡರಿನ ಗೀರು ಬಿದ್ದ ಚಾಸಿ ನಂಬರನ್ನು ಯಾವ ಖರೀದಿದಾರನೂ, ಯಾವ ಮೋಟಾರು ವಾಹನ ನಿರೀಕ್ಷಕರೂ ಸುಲಭವಾಗಿ ಒಪ್ಪುವುದಿಲ್ಲ.

ಎರಡನೇ ಹೆಜ್ಜೆ: ಕಾಗದಪತ್ರ

ಹೆಚ್ಚಿನ ಮಾರಾಟಗಳು ಮುರಿದುಬೀಳುವುದು ಇಲ್ಲಿಯೇ. ಹರಾಜಿಗೆ ಹೆಸರು ಕೊಡುವ ಹಲವು ತಿಂಗಳು ಮೊದಲೇ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.

ಹಳೆಯ ಆರ್‌ಸಿ ಕೈಬರಹದ ಪುಸ್ತಕವಾಗಿರುತ್ತದೆ. ನಂಬರ್ 'ಎಂವೈ' ಎಂದು ಆರಂಭವಾಗುವ ಮೈಸೂರು ರಾಜ್ಯದ ಕಾಲದ್ದಾಗಿರಬಹುದು. ಅದರ ವಿವರಗಳು ಸಾರಿಗೆ ಇಲಾಖೆಯ ವಾಹನ್ ತಂತ್ರಾಂಶದಲ್ಲಿ ದಾಖಲಾಗಿಲ್ಲದಿದ್ದರೆ ಯಾವ ಆನ್‌ಲೈನ್ ಸೇವೆಯೂ ಮುಂದಕ್ಕೆ ಹೋಗದು. ಆಗ ಆರ್‌ಟಿಒ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ (ಹಳೆಯ ದಾಖಲೆಯನ್ನು ತಂತ್ರಾಂಶಕ್ಕೆ ಸೇರಿಸುವುದು) ಮಾಡಿಸಬೇಕು, ಅದಕ್ಕೆ ಮೂಲ ದಾಖಲೆಯ ಕಡತ ಸಿಗಬೇಕು. ಇಂದು ಚಿತ್ರದುರ್ಗದ ಸಂಕೇತ ಕೆಎ 16, ದಾವಣಗೆರೆಯದು ಕೆಎ 17. ಆದರೆ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ; ಅದಕ್ಕೂ ಮೊದಲಿನ ವಾಹನವಾದರೆ ಎರಡೂ ಊರುಗಳ ಕಚೇರಿಗಳಲ್ಲಿ ವಿಚಾರಿಸುವುದು ಜಾಣತನ.

ಆರ್‌ಸಿ ಇನ್ನೂ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಮರಣ ಪ್ರಮಾಣಪತ್ರ ಮತ್ತು ಉಳಿದ ವಾರಸುದಾರರ ಒಪ್ಪಿಗೆಯೊಂದಿಗೆ ಫಾರಂ 31 ಸಲ್ಲಿಸಿ ಹೆಸರು ಬದಲಿಸಿಕೊಳ್ಳಬೇಕು. 'ಅಣ್ಣತಮ್ಮಂದಿರಲ್ಲಿ ಯಾರದೂ ತಕರಾರಿಲ್ಲ' ಎಂಬ ಬಾಯಿಮಾತು ಹರಾಜಿನಲ್ಲಿ ನಡೆಯದು, ಜೀಪಿಗೆ ದೊಡ್ಡ ಮೊತ್ತ ಬಂತೆಂದು ಗೊತ್ತಾದ ಮೇಲೆ ಮನೆಯೊಳಗೂ ನಡೆಯದಿರಬಹುದು. ಎಂದೋ ತೀರಿದ ಬ್ಯಾಂಕ್ ಸಾಲದ ನಮೂದು ಪುಸ್ತಕದಲ್ಲಿ ಹಾಗೆಯೇ ಉಳಿದಿದ್ದರೆ ಫಾರಂ 35ರ ಮೂಲಕ ಅದನ್ನು ತೆಗೆಸಬೇಕು. ಸೇನೆಯಿಂದ ವಿಲೇವಾರಿಯಾದ ವಾಹನವಾದರೆ ಅಂದಿನ ಹರಾಜಿನ ಮಾರಾಟ ಪತ್ರ, ಬಿಡುಗಡೆ ಆದೇಶ ಮತ್ತು ನಂತರದ ಪ್ರತಿಯೊಂದು ಕೈ ಬದಲಾವಣೆಯ ದಾಖಲೆ, ಎಲ್ಲವೂ ಕೊಂಡಿ ತಪ್ಪದಂತೆ ಇರಬೇಕು.

ಇನ್ನು ಎಂಜಿನ್ನಿನ ಪ್ರಶ್ನೆ. ಪೆಟ್ರೋಲ್ ದುಬಾರಿಯೆಂದು ಹಿಂದೆ ಎಷ್ಟೋ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಲಾಗಿತ್ತು. ಆ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿರದಿದ್ದರೆ ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವಾಗುತ್ತದೆ. ರಿಸ್ಟೋರ್ ಮಾಡುವಾಗ ನೀವು ಮತ್ತೆ ಪೆಟ್ರೋಲ್ ಎಂಜಿನ್ ಕೂರಿಸಿದ್ದರೂ ಅದರ ನಂಬರ್ ಪುಸ್ತಕದಲ್ಲಿರುವ ನಂಬರಿಗೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಎಂಜಿನ್ ಖರೀದಿಯ ಬಿಲ್ಲಿನೊಂದಿಗೆ ಹೋಗಿ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ವಾಹನ ಐವತ್ತು ವರ್ಷ ದಾಟಿದ್ದರೆ ವಿಂಟೇಜ್ ನೋಂದಣಿಯ ದಾರಿಯೂ ಇದೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ, ಚಾಸಿ, ಬಾಡಿ ಮತ್ತು ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡಿಲ್ಲದೆ ಮೂಲ ರೂಪದಲ್ಲಿ ಉಳಿಸಿಕೊಂಡ ಖಾಸಗಿ ವಾಹನಗಳಿಗೆ ಇದು ಅನ್ವಯಿಸುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ನಂತರದ ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ ಹತ್ತು ವರ್ಷ. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ 'ವಿಎ' ಅಕ್ಷರಗಳು ಸೇರುತ್ತವೆ, ಈಗಾಗಲೇ ನೋಂದಣಿಯಾಗಿರುವ ವಾಹನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. 1978ರಲ್ಲಿ ಮೊದಲು ನೋಂದಣಿಯಾದ ಸಿಜೆ3ಬಿ 2028ರವರೆಗೆ ಈ ಸಾಲಿಗೆ ಬರುವುದಿಲ್ಲ. ಈ ನೋಂದಣಿಯ ಮಿತಿಯನ್ನೂ ಅರಿತಿರಬೇಕು: ಇಂತಹ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಮುಂತಾದ ಕಾರಣಗಳಿಗೆ ರಸ್ತೆಗೆ ಇಳಿಸಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ತೋಟಕ್ಕೆ, ಕಾಡುದಾರಿಗೆ ಜೀಪು ಬೇಕೆನ್ನುವ ಖರೀದಿದಾರನಿಗೆ ಸಾಮಾನ್ಯ ಆರ್‌ಸಿಯನ್ನು ಐದು ವರ್ಷಕ್ಕೆ ನವೀಕರಿಸಿರುವ ವಾಹನವೇ ಹೆಚ್ಚು ಪ್ರಿಯ. ಯುದ್ಧಕಾಲದ ಅಪ್ಪಟ ಜೀಪಾದರೆ ವಿಂಟೇಜ್ ನೋಂದಣಿಯೂ, ಸಿಜೆ3ಬಿಯಾದರೆ ಸಾಮಾನ್ಯ ನವೀಕರಣವೂ ಮೇಲು ಎಂಬುದು ನನ್ನ ಅಭಿಪ್ರಾಯ.

ಹಸಿರು ತೆರಿಗೆ, ವಿಮೆ, ಹೊಗೆ ಪರೀಕ್ಷೆ, ಬಾಕಿ ಇರುವ ದಂಡಗಳನ್ನು ಇದೇ ಓಡಾಟದಲ್ಲಿ ಮುಗಿಸಿಬಿಡಿ.

ಮೂರನೇ ಹೆಜ್ಜೆ: ಕೆಲಸದ ಕಡತ ಮತ್ತು ಯಾಂತ್ರಿಕ ಸಿದ್ಧತೆ

ರಿಸ್ಟೋರ್ ಮಾಡುವಾಗ ತೆಗೆದ ಚಿತ್ರಗಳು, ಲೇತ್ ಅಂಗಡಿಯ ಚೀಟಿಗಳು, ಬಿಡಿಭಾಗಗಳ ಬಿಲ್ಲುಗಳು, ಟಿಂಕರಿಂಗ್ ಮಾಡಿದವರ ಲೆಕ್ಕ, ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಒಂದು ಫೈಲಿನಲ್ಲಿ ಜೋಡಿಸಬೇಕು. ಬಾಡಿ ಬಿಚ್ಚಿ ಬರಿಯ ಚಾಸಿ ನಿಂತಿರುವ ಒಂದು ಚಿತ್ರ, ಸಿದ್ಧವಾದ ವಾಹನದ ಹತ್ತು ಚಿತ್ರಗಳಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಬಯಲುಸೀಮೆಯಲ್ಲೇ ಓಡಿದ ಜೀಪಾದರೆ ಅದನ್ನು ದಾಖಲೆಸಹಿತ ಹೇಳುವುದು ಲಾಭಕರ, ಏಕೆಂದರೆ ಚಳ್ಳಕೆರೆಯ ಒಣ ಹವೆಯಲ್ಲಿ ಉಳಿದ ತಗಡಿಗೂ ಮಲೆನಾಡಿನ ಎಸ್ಟೇಟಿನಲ್ಲಿ ಮಳೆ ಕುಡಿದ ತಗಡಿಗೂ ಇರುವ ವ್ಯತ್ಯಾಸವನ್ನು ಸಂಗ್ರಾಹಕರು ಬಲ್ಲರು.

ಹರಾಜಿಗೆ ಮುನ್ನ ಹೊಸ ಪೇಂಟ್ ಹೊಡೆಸುವ ಆಸೆಯನ್ನು ಬಿಟ್ಟುಬಿಡಿ. 'ಹೊರಗೆ ಥಳಕು, ಒಳಗೆ ಹುಳುಕು' ಎಂಬ ಗುಮಾನಿ ಹುಟ್ಟುವುದೇ ನಿನ್ನೆ ಮೊನ್ನೆ ಹೊಡೆದ ಪೇಂಟಿನಿಂದ. ಸೇನಾ ಜೀಪಿನ ಮೂಲ ಹಸಿರು ಬಣ್ಣ ಹೊಳಪಿಲ್ಲದ್ದಾಗಿತ್ತು. ಅದರ ಮೇಲೆ ಮಿರುಗುವ ಹಸಿರು ಬಳಿಸಿದರೆ ತಿಳಿದವರ ದೃಷ್ಟಿಯಲ್ಲಿ ಬೆಲೆ ಇಳಿಯುತ್ತದೆಯೇ ವಿನಾ ಏರುವುದಿಲ್ಲ. ಆ ಹಣವನ್ನು ಬ್ರೇಕಿಗೆ, ಸ್ಟಿಯರಿಂಗಿಗೆ, ಇಂಧನದ ಪೈಪುಗಳಿಗೆ ಹಾಕಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತಿರುವುದರಿಂದ ಹಳೆಯ ರಬ್ಬರ್ ಪೈಪು ಮತ್ತು ಇಂಧನ ಪಂಪಿನ ಡಯಾಫ್ರಾಮ್ ಬೇಗ ಹಾಳಾಗುತ್ತವೆ. ಅವುಗಳನ್ನು ಬದಲಿಸಿದ ಬಿಲ್ಲನ್ನು ಫೈಲಿನಲ್ಲಿ ಸೇರಿಸಿ.

ಮೆಕ್ಯಾನಿಕ್ಕಿನಿಂದ ನಾಲ್ಕೂ ಸಿಲಿಂಡರಿನ ಕಂಪ್ರೆಶನ್ (ಒಳಗಿನ ಒತ್ತಡ) ಅಳೆಯಿಸಿ, ಅಂಕಿಗಳನ್ನು ದಿನಾಂಕದೊಂದಿಗೆ ಬರೆಸಿಕೊಳ್ಳಿ. ಮುಂಚಕ್ರಗಳನ್ನು ಜಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಕಿಂಗ್ ಪಿನ್ (ಮುಂಚಕ್ರ ಪಕ್ಕಕ್ಕೆ ತಿರುಗಲು ಆಧಾರವಾದ ಗೂಟ) ಮತ್ತು ಬೇರಿಂಗುಗಳ ಸಡಿಲವನ್ನು ನೋಡಬೇಕು. ವೇಗದಲ್ಲಿ ಸ್ಟಿಯರಿಂಗ್ ನಡುಗುವ ಕಾಯಿಲೆಗೆ ಮೂಲ ಬಹುತೇಕ ಅಲ್ಲಿಯೇ ಇರುತ್ತದೆ. ಫೋರ್ ವೀಲ್ ಮತ್ತು ಲೋ ಗೇರ್ ಎರಡೂ ಬೀಳುತ್ತವೆಯೇ, ಬಿದ್ದ ಮೇಲೆ ತಾನಾಗಿ ಹೊರಬರುತ್ತವೆಯೇ ಎಂಬುದನ್ನು ಮಣ್ಣಿನ ಏರಿನಲ್ಲಿ ಪರೀಕ್ಷಿಸಿ. ಈ ಜೀಪುಗಳಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ಒಂದೆರಡು ಹನಿ ಎಣ್ಣೆ ಜಿನುಗುವುದು ಹೊಸದೇನಲ್ಲ. ಅದನ್ನು ಒರೆಸಿ ಮುಚ್ಚಿಡುವುದಕ್ಕಿಂತ ಇದೆಯೆಂದು ಹೇಳುವುದೇ ಲೇಸು.

ನಾಲ್ಕನೇ ಹೆಜ್ಜೆ: ಚಿತ್ರ ಮತ್ತು ವಿಡಿಯೊ

ಕೋಟೆಯ ಹಿನ್ನೆಲೆಯಲ್ಲಿ ಜೀಪು ನಿಲ್ಲಿಸಿ ಚಿತ್ರ ತೆಗೆಯಬೇಕೆಂದು ಚಿತ್ರದುರ್ಗದ ಎಲ್ಲರಿಗೂ ಅನಿಸುವುದು ಸಹಜ. ಆದರೆ ಕೋಟೆಯು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಅಲ್ಲಿ ವ್ಯಾಪಾರಿ ಉದ್ದೇಶದ ಚಿತ್ರೀಕರಣಕ್ಕೆ ಅನುಮತಿ ಬೇಕು. ಅಲ್ಲದೆ ಕಲ್ಲಿನ ಬತೇರಿಯ ಅಂದ ಜೀಪಿನ ನೆಲದ ತಗಡಿನ ಬಗ್ಗೆ ಏನನ್ನೂ ಹೇಳದು. ಬೆಳಗಿನ ಎಳೆಬಿಸಿಲಿನಲ್ಲಿ ಬರಿಯ ಗೋಡೆಯ ಮುಂದೆಯೋ ಖಾಲಿ ಕಣದಲ್ಲಿಯೋ ನಿಲ್ಲಿಸಿದರೆ ಸಾಕು.

ನಾಲ್ಕೂ ದಿಕ್ಕಿನ ಚಿತ್ರಗಳ ನಂತರ ಕೆಳಭಾಗದ ಚಿತ್ರಗಳಿಗೆ ಹೆಚ್ಚು ಶ್ರಮ ವಹಿಸಿ: ಚಾಸಿಯ ಎರಡೂ ಪಟ್ಟಿಗಳು, ಸ್ಪ್ರಿಂಗ್ ಪಟ್ಟಾಗಳ ಹಿಡಿಕೆ, ಆಕ್ಸಲ್ ಹೌಸಿಂಗ್, ನೆಲದ ತಗಡಿನ ಅಡಿಭಾಗ, ಬ್ಯಾಟರಿ ಕೂರುವ ಜಾಗ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ, ಅದನ್ನೂ ತೋರಿಸಿ. ವಿಡಿಯೊಗಳಲ್ಲಿ ಎರಡು ಕಡ್ಡಾಯ. ಮೊದಲನೆಯದು ರಾತ್ರಿಯಿಡೀ ನಿಂತ ಎಂಜಿನ್ನನ್ನು ಬೆಳಿಗ್ಗೆ ಆರಂಭಿಸುವುದು: ಮೊದಲು ಬಾನೆಟ್ ತೆರೆದು ಎಂಜಿನ್ ಬ್ಲಾಕನ್ನು ಕೈಯಿಂದ ಮುಟ್ಟಿ ತಣ್ಣಗಿದೆಯೆಂದು ತೋರಿಸಿ, ಚೋಕ್ ಎಳೆದು ಸ್ಟಾರ್ಟ್ ಮಾಡಿ, ಆಯಿಲ್ ಗೇಜಿನ ಮುಳ್ಳು ಏರುವುದನ್ನು, ಸೈಲೆನ್ಸರಿನ ಹೊಗೆಯನ್ನು ಎಲ್ಲಿಯೂ ಕತ್ತರಿಸದೆ ಸೆರೆಹಿಡಿಯಬೇಕು. ಎರಡನೆಯದು ಆಯಸ್ಕಾಂತದ್ದು. ತೆಳು ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತವನ್ನು ಬಾಡಿಯ ಮೇಲೆ ಬಾಗಿಲ ಕೆಳಗಿನಿಂದ ಹಿಂದಿನ ಮೂಲೆಯವರೆಗೆ ನಿಧಾನವಾಗಿ ಎಳೆಯುತ್ತ ಹೋಗಿ. ತಗ್ಗು ಮುಚ್ಚಲು ಬಳಿದ ದಪ್ಪನೆಯ ಪುಟ್ಟಿ ಇರುವಲ್ಲಿ ಅದು ಹಿಡಿತ ತಪ್ಪಿ ಜಾರುತ್ತದೆ. ಜಾರಿದ ಜಾಗವನ್ನೂ ವಿಡಿಯೊದಲ್ಲಿ ಉಳಿಸಿಕೊಳ್ಳಿ.

ಐದನೇ ಹೆಜ್ಜೆ: ಹರಾಜುದಾರರ ಆಯ್ಕೆ ಮತ್ತು ಕರಾರು

ಮುಂಬೈಯ ಅಸ್ತಗುರುವಿನಂತಹ ಹರಾಜು ಸಂಸ್ಥೆಗಳು ವಿಂಟೇಜ್ ವಾಹನಗಳ ಆನ್‌ಲೈನ್ ಹರಾಜುಗಳನ್ನು ನಡೆಸಿವೆ. ಅಲ್ಲಿಗೆ ಅಪರೂಪದ, ಇತಿಹಾಸ ದೃಢಪಟ್ಟ ವಾಹನಗಳು ಹೊಂದುತ್ತವೆ. ಸಾಧಾರಣ ಸಿಜೆ3ಬಿಗೆ ಹಳೆಯ ವಾಹನಗಳಿಗೆಂದೇ ಮೀಸಲಾದ ಸಣ್ಣ ಹರಾಜು ತಾಣಗಳು ವಾಸಿ. ಬ್ಯಾಂಕ್ ಜಪ್ತಿಯ ವಾಹನಗಳನ್ನು ಹರಾಜು ಹಾಕುವವರ ಬಳಿ ಮಾತ್ರ ಹೋಗಬೇಡಿ; ಅಲ್ಲಿಗೆ ಬರುವವರು ಅಗ್ಗಕ್ಕೆ ಹುಡುಕುವ ವ್ಯಾಪಾರಿಗಳು.

ಸಹಿ ಹಾಕುವ ಮುನ್ನ ಕರಾರನ್ನು ಪೂರ್ತಿ ಓದಿ. ಮಾರುವವನಿಂದ ಎಷ್ಟು ಕಮಿಷನ್, ಕೊಳ್ಳುವವನಿಂದ ಎಷ್ಟು, ಅದರ ಮೇಲೆ ಜಿಎಸ್‌ಟಿ ಯಾರ ಹೊಣೆ, ವಾಹನ ಮಾರಾಟವಾಗದಿದ್ದರೆ ಚಿತ್ರೀಕರಣ ಮತ್ತು ಸಾಗಣೆಯ ಖರ್ಚನ್ನು ಯಾರು ಭರಿಸಬೇಕು, ಮಧ್ಯದಲ್ಲಿ ಹಿಂದೆಗೆದುಕೊಂಡರೆ ದಂಡವಿದೆಯೇ, ಗೆದ್ದವನು ಹಣ ಕಟ್ಟದೆ ಕೈ ಎತ್ತಿದರೆ ಮುಂದೇನು, ಇವಿಷ್ಟಕ್ಕೂ ಲಿಖಿತ ಉತ್ತರ ಇರಬೇಕು. ಕೊನೆಯ ಪ್ರಶ್ನೆಗೆ 'ಹಾಗೆ ಆಗುವುದಿಲ್ಲ ಸರ್' ಎಂಬ ಉತ್ತರ ಬಂದರೆ ಬೇರೆಯವರನ್ನು ನೋಡಿ.

ಆರನೇ ಹೆಜ್ಜೆ: ಕನಿಷ್ಠ ಬೆಲೆ

ಜೀಪಿಗೆ ನೀವು ಹಾಕಿದ ಖರ್ಚಿಗೂ ಮಾರುಕಟ್ಟೆ ಕೊಡುವ ಬೆಲೆಗೂ ನೇರ ಸಂಬಂಧವಿಲ್ಲ. ಅದೇ ಮಾದರಿಯ, ಅದೇ ಸ್ಥಿತಿಯ ವಾಹನಗಳು ಇತ್ತೀಚಿನ ಹರಾಜುಗಳಲ್ಲಿ ನಿಜವಾಗಿ ಎಷ್ಟಕ್ಕೆ ಕೈ ಬದಲಾಯಿಸಿದವು ಎಂಬುದನ್ನೇ ಆಧಾರವಾಗಿಟ್ಟುಕೊಳ್ಳಿ. ಜಾಹೀರಾತುಗಳಲ್ಲಿ ಕೇಳಿದ ಬೆಲೆ ಬರಿಯ ಆಸೆ. ಕನಿಷ್ಠ ಬೆಲೆಯನ್ನು ಆ ಅಂದಾಜಿಗಿಂತ ತುಸು ಕೆಳಗೆ ಇಟ್ಟರೆ ಆರಂಭದಲ್ಲೇ ಹೆಚ್ಚು ಮಂದಿ ಸವಾಲಿಗಿಳಿಯುತ್ತಾರೆ, ಮತ್ತು ಒಮ್ಮೆ ಕೂಗಿದವನಿಗೆ ಇನ್ನೊಮ್ಮೆ ಕೂಗುವುದು ಸುಲಭ. ತೀರಾ ಮೇಲಿಟ್ಟರೆ ಹರಾಜು ವ್ಯರ್ಥವಾಗುವುದಲ್ಲದೆ, 'ಮಾರಾಟವಾಗದ ಜೀಪು' ಎಂಬ ಹಣೆಪಟ್ಟಿ ಅಂಟಿಕೊಳ್ಳುತ್ತದೆ.

ಬೆಲೆ ಏರಿಸಲು ಭಾವಮೈದನಿಂದಲೋ ಗೆಳೆಯನಿಂದಲೋ ಸುಳ್ಳು ಸವಾಲು ಕೂಗಿಸುವ ಯೋಚನೆ ಬೇಡ. ಸರಕು ಮಾರಾಟ ಕಾಯ್ದೆ, 1930ರ 64ನೇ ಕಲಮಿನ ಪ್ರಕಾರ, ಮಾರುವವನು ತಾನೂ ಕೂಗುವ ಹಕ್ಕನ್ನು ಮುಂಚಿತವಾಗಿ ಘೋಷಿಸಿ ಕಾಯ್ದಿರಿಸಿಕೊಳ್ಳದೆ ತಾನಾಗಲಿ ತನ್ನ ಪರವಾಗಿ ಬೇರೊಬ್ಬರಾಗಲಿ ಸವಾಲು ಕೂಗಿದರೆ ಖರೀದಿದಾರನು ಆ ಮಾರಾಟವನ್ನು ವಂಚನೆಯೆಂದು ಪರಿಗಣಿಸಬಹುದು. ಸುತ್ತಿಗೆ ಬೀಳುವವರೆಗೆ, ಅಂದರೆ ಹರಾಜು ಮುಗಿಯಿತೆಂದು ಸಾರುವವರೆಗೆ, ಕೂಗಿದವನು ತನ್ನ ಸವಾಲನ್ನು ಹಿಂದೆಗೆದುಕೊಳ್ಳಬಹುದೆಂದೂ ಅದೇ ಕಲಮು ಹೇಳುತ್ತದೆ.

ಏಳನೇ ಹೆಜ್ಜೆ: ವಿವರಣೆ ಬರೆಯುವುದು

'ಸೂಪರ್ ಕಂಡೀಷನ್, ಒಂದು ರೂಪಾಯಿ ಖರ್ಚಿಲ್ಲ' ಎಂಬ ಸಾಲಿನಿಂದ ಯಾರಿಗೂ ಏನೂ ತಿಳಿಯದು. ಮೊದಲು ಮಾದರಿ, ತಯಾರಾದ ವರ್ಷ, ಮೊದಲ ನೋಂದಣಿಯ ದಿನಾಂಕ, ನೋಂದಣಿಯ ಬಗೆ ಮತ್ತು ಅವಧಿ, ನಂತರ ಯಾವುದು ಮೂಲದ್ದು, ಯಾವುದು ಬದಲಿಸಿದ್ದು, ಕೊನೆಗೆ ದೋಷಗಳು. ಆರು ವೋಲ್ಟಿನ ವೈರಿಂಗನ್ನು ಹನ್ನೆರಡಕ್ಕೆ ಬದಲಿಸಿದ್ದರೆ, ಬಾಡಿ ಹೊಸದಾಗಿ ಮಾಡಿಸಿದ್ದರೆ, ಮೀಟರ್ ಕೆಲಸ ಮಾಡದಿದ್ದರೆ ನೇರವಾಗಿ ಬರೆಯಿರಿ. ದೋಷದ ಭಾಗ ಹೀಗಿರಬಹುದು: 'ಎಡಗಡೆಯ ನೆಲದ ತಗಡು ಹೊಸದು. ಬಲಗಡೆಯದು ಮೂಲದ್ದು, ಚಾಲಕನ ಕಾಲಿನ ಕೆಳಗೆ ಅಂಗೈ ಅಗಲದ ಪ್ಯಾಚ್ ಇದೆ, ಚಿತ್ರ ನೋಡಿ. ಎರಡನೇ ಗೇರಿನಿಂದ ಮೊದಲನೆಯದಕ್ಕೆ ಇಳಿಸುವಾಗ ವಾಹನ ಪೂರ್ತಿ ನಿಲ್ಲಬೇಕು. ಟ್ರಾನ್ಸ್‌ಫರ್ ಕೇಸಿನಿಂದ ಎಣ್ಣೆ ಜಿನುಗುತ್ತದೆ.' ಇಷ್ಟು ಓದಿದವನು ಉಳಿದ ಒಳ್ಳೆಯ ಮಾತುಗಳನ್ನೂ ನಂಬುತ್ತಾನೆ.

ಎಂಟನೇ ಹೆಜ್ಜೆ: ಹರಾಜಿನ ದಿನಗಳು

ಪ್ರಶ್ನೆಗಳಿಗೆ ಅದೇ ದಿನ ಉತ್ತರಿಸಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ, ಮೆಕ್ಯಾನಿಕ್ಕನ್ನು ಕೇಳಿ ತಿಳಿಸಿ. ಚಿತ್ರದುರ್ಗ, ದಾವಣಗೆರೆ ರಾಷ್ಟ್ರೀಯ ಹೆದ್ದಾರಿ 48ರ ಮೇಲಿರುವ ಊರುಗಳಾದ್ದರಿಂದ ಬೆಂಗಳೂರು ಅಥವಾ ಹುಬ್ಬಳ್ಳಿಯ ಆಸಕ್ತರು ಒಂದು ದಿನದಲ್ಲಿ ಬಂದು ನೋಡಿ ಹೋಗಬಹುದು, ಇದನ್ನು ವಿವರಣೆಯಲ್ಲಿಯೇ ಹೇಳಿಬಿಡಿ. ನೋಡಲು ಬಂದವರಿಗೆ ಓಡಿಸಲು ಕೊಡುವ ಮುನ್ನ ವಿಮೆ ಚಾಲ್ತಿಯಲ್ಲಿದೆಯೇ, ಅವರ ಬಳಿ ಚಾಲನಾ ಪರವಾನಗಿ ಇದೆಯೇ ಎಂದು ನೋಡಿ, ಪಕ್ಕದ ಸೀಟಿನಲ್ಲಿ ನೀವೇ ಕುಳಿತುಕೊಳ್ಳಿ. 'ಹರಾಜಿನಿಂದ ತೆಗೆಯಿರಿ, ಈಗಲೇ ನಗದು ಕೊಡುತ್ತೇನೆ' ಎನ್ನುವವರು ಬರುತ್ತಾರೆ. ಕರಾರು ಮುರಿದ ದಂಡ ನಿಮ್ಮ ತಲೆಗೆ ಬರುವುದಲ್ಲದೆ, ಒಂದೇ ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ಒಂಬತ್ತನೇ ಹೆಜ್ಜೆ: ಸುತ್ತಿಗೆ ಬಿದ್ದ ಮೇಲೆ

ಹಣ ಬ್ಯಾಂಕಿನ ಖಾತೆಗೆ ಪೂರ್ತಿ ಜಮೆಯಾದ ನಂತರವೇ ಕೀಲಿ ಕೊಡಬೇಕು. ವರ್ಗಾವಣೆಯ ಸ್ಕ್ರೀನ್‌ಶಾಟ್ ಜಮೆಯಲ್ಲ. ಮಾರಾಟ ಪತ್ರದಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್, ಮೊತ್ತ ಮತ್ತು ವಾಹನವನ್ನು ಒಪ್ಪಿಸಿದ ದಿನಾಂಕದ ಜೊತೆಗೆ ಗಂಟೆಯನ್ನೂ ಬರೆದು ಇಬ್ಬರೂ ಸಹಿ ಹಾಕಿ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು ಫಾರಂ 30ಕ್ಕೆ ಅಂದೇ ಸಹಿಯಾಗಲಿ. ಫಾರಂ 32 ಎಂಬುದೊಂದಿದೆ; ಅದು ಕೇಂದ್ರ ಅಥವಾ ರಾಜ್ಯ ಸರ್ಕಾರದ ಪರವಾಗಿ ನಡೆದ ಸಾರ್ವಜನಿಕ ಹರಾಜಿಗೆ ಸಂಬಂಧಿಸಿದ್ದು, ಖಾಸಗಿ ಹರಾಜಿಗೆ ಅಲ್ಲ. ಖರೀದಿದಾರ ಹೊರರಾಜ್ಯದವನಾದರೆ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಹಾಕಬೇಕು. ರಾಜ್ಯದೊಳಗಿನ ವರ್ಗಾವಣೆಯನ್ನು ಮಾರಿದವನು 14 ದಿನಗಳಲ್ಲಿ, ಹೊರರಾಜ್ಯಕ್ಕಾದರೆ 45 ದಿನಗಳಲ್ಲಿ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 50ನೇ ಕಲಮು ಹೇಳುತ್ತದೆ.

ಹೆಸರು ಬದಲಾಗುವವರೆಗೆ ಕೈ ತೊಳೆದುಕೊಳ್ಳುವಂತಿಲ್ಲ. ಅಪಘಾತವಾದಾಗ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ನಡುವೆ ವಾಹನ ಎಷ್ಟು ಕೈ ಬದಲಾಗಿದ್ದರೂ ಪರಿಹಾರದ ಹೊಣೆ ಪುಸ್ತಕದಲ್ಲಿರುವವರ ಮೇಲೆಯೇ ಬೀಳುತ್ತದೆ. ಆದ್ದರಿಂದ ಹೆಸರು ಬದಲಾವಣೆಗೆಂದು ಖರೀದಿದಾರನು ಒಂದಿಷ್ಟು ಮೊತ್ತವನ್ನು ಹರಾಜುದಾರರ ಬಳಿ ಠೇವಣಿಯಾಗಿ ಇರಿಸುವ ಷರತ್ತನ್ನು ಕರಾರಿನಲ್ಲಿಯೇ ಸೇರಿಸಲು ಕೇಳಿ.

ಸಾಗಣೆಗೆ ಜೀಪನ್ನು ಓಡಿಸಿಕೊಂಡು ಹೋಗುತ್ತೇನೆಂದರೆ ಒಪ್ಪಬೇಡಿ. ಲಾರಿಯ ಮೇಲೆ ಹೋಗಲಿ. ಬಿಗಿಯುವ ಪಟ್ಟಿಯನ್ನು ಬಾಡಿಯ ಮೇಲಾಗಲಿ ಬಂಪರಿನ ಮೇಲಾಗಲಿ ಹಾಕದೆ ಆಕ್ಸಲ್ಲಿಗೆ ಬಿಗಿಯಿಸಿ, ಪೆಟ್ರೋಲ್ ಟ್ಯಾಂಕಿನಲ್ಲಿ ಸ್ವಲ್ಪವೇ ಇಂಧನ ಉಳಿಸಿ, ಬ್ಯಾಟರಿಯ ತಂತಿ ಕಳಚಿ, ಮೇಲಿನ ಟಾರ್ಪಾಲ್ ಬಿಚ್ಚಿ ಮಡಚಿ ಕಟ್ಟಿ. ಲಾರಿ ಹತ್ತಿದ ಮೇಲೆ ನಾಲ್ಕೂ ಕಡೆಯ ಚಿತ್ರ ತೆಗೆದು ಖರೀದಿದಾರನಿಗೆ ಕಳುಹಿಸಿ. ತಿಂಗಳ ನಂತರ ಸಾರಿಗೆ ಸೇವೆಗಳ ಪರಿವಾಹನ್ ತಾಣದಲ್ಲಿ ಹೊಸ ಹೆಸರು ಬಂದಿದೆಯೇ ಎಂದು ನೋಡಿ. ಬಂದಿದ್ದರೆ ವಿಮಾ ಕಂಪನಿಗೆ ಪತ್ರ ಬರೆದು ನಿಮ್ಮ ಹೆಸರಿನ ಪಾಲಿಸಿಯನ್ನು ಮುಗಿಸಿಕೊಳ್ಳಿ, ಬಂದಿರದಿದ್ದರೆ ಠೇವಣಿಯನ್ನು ಬಿಡುಗಡೆ ಮಾಡಬಾರದೆಂದು ಹರಾಜುದಾರರಿಗೆ ಲಿಖಿತವಾಗಿ ತಿಳಿಸಿ.